ಅರ್ಕಾ ಸೋಮ: ವೈನ್ ದ್ರಾಕ್ಷಿಗೆ ಗಂಧಕ ಯಾವಾಗ ನಿಲ್ಲಿಸಬೇಕು?

‘ಸರ್, ಅರ್ಕಾ ಸೋಮ ಹಚ್ಚಬಹುದಾ?’ ಅಂತ ವಾಟ್ಸಾಪ್‌ನಲ್ಲಿ ಕೇಳುವವರಿಗೆ ನನ್ನ ಮೊದಲ ಪ್ರಶ್ನೆ: ಕೊಳ್ಳೋರು ಯಾರು? ಇದು ಬಿಳಿ ವೈನಿಗೆ ಒಗ್ಗುವ ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅನಾಬ್-ಎ-ಶಾಹಿ ಮತ್ತು ಕ್ವೀನ್ ಆಫ್ ದಿ ವೈನ್‌ಯಾರ್ಡ್ಸ್ ತಳಿಗಳನ್ನು ಸಂಕರಿಸಿ ಕೊಟ್ಟದ್ದು. ಹಸಿರು-ಹಳದಿ ಹಣ್ಣು, ಮಸ್ಕಟ್ ಪರಿಮಳ, ಒಳ್ಳೆ ಇಳುವರಿ. ಆದರೆ ಬೀಜ ಇದೆ. ಥಾಮ್ಸನ್, ಸೋನಾಕ ತಿಂದು ರೂಢಿಯಾದ ಗಿರಾಕಿ ಇದಕ್ಕೆ ಬೆಲೆ ಕೊಡಲ್ಲ. ವೈನರಿ ಜೊತೆ ಬರಹದಲ್ಲಿ ಒಪ್ಪಂದ ಆಗದೆ ಸಸಿ ತರಬೇಡಿ.

ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಲ್ಲ ನಿಮಗೆ ಗೊತ್ತಿರೋದೇ. ನಾನು ಪೆಟ್ಟು ತಿಂದದ್ದು ಬೇರೆ ಕಡೆ.

ನನ್ನದು ಸಾವಯವ ತೋಟ. ಡೌನಿಗೆ ಬೋರ್ಡೋ ದ್ರಾವಣ, ಬೂದಿ ರೋಗಕ್ಕೆ ಗಂಧಕ. ಇವೆರಡೇ ನನ್ನ ಮುಖ್ಯ ಆಯುಧ. ಒಂದು ವರ್ಷ ಜನವರಿಯ ಚಳಿಗೆ ಗೊನೆಗಳ ಮೇಲೆ ಬೂದಿ ಕಾಣಿಸ್ತು. ಗಾಬರಿಯಾಗಿ ಕೊಯ್ಲಿಗೆ ಎರಡು ವಾರ ಇರುವಾಗ ಗಂಧಕ ಹೊಡೆದೆ. ಹಣ್ಣು ನೋಡೋಕೆ ಚೆನ್ನಾಗಿತ್ತು, ಬ್ರಿಕ್ಸ್ 20 ದಾಟಿತ್ತು. ವೈನರಿಯವರು ಮಾದರಿ ರಸ ಹುದುಗಿಸಿ ನೋಡಿದರು. ಕೊಳೆತ ಮೊಟ್ಟೆ ವಾಸನೆ! ಮಾಲು ವಾಪಸ್. ತಪ್ಪು ಅವರದ್ದಲ್ಲ, ನನ್ನದೇ.

ಕಾರಣ ಸರಳ. ಹಣ್ಣಿನ ಮೇಲೆ ಉಳಿದ ಗಂಧಕ ರಸಕ್ಕೆ ಇಳಿಯುತ್ತೆ. ಹುದುಗುವಾಗ ಯೀಸ್ಟ್ ಅದನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತೆ. ತಾಮ್ರ ಜಾಸ್ತಿ ಉಳಿದರೆ ಯೀಸ್ಟೇ ಸೊರಗಿ ಹುದುಗುವಿಕೆ ನಿಧಾನ ಆಗುತ್ತೆ. ತಿನ್ನೋ ಹಣ್ಣಿನಲ್ಲಿ ತೊಳೆದರೆ ಆಯ್ತು ಅಂತೀವಿ. ವೈನಿಗೆ ಹಣ್ಣು ತೊಳೆಯೋದಿಲ್ಲ, ಗೊನೆ ಹಾಗೇ ಹಿಂಡ್ತಾರೆ.

ಈಗ ಕೊಯ್ಲಿಗೆ 5–6 ವಾರ ಮೊದಲೇ ಎರಡನ್ನೂ ನಿಲ್ಲಿಸ್ತೀನಿ. ಅದಕ್ಕೆ ಕೆಲಸ ಮುಂಚೆ ಆಗಬೇಕು: ಕಾಯಿ ಕಟ್ಟಿದ ಕೂಡಲೇ ಗೊನೆ ಸುತ್ತಲಿನ ಎಲೆ ತೆಗೆದು ಗಾಳಿ ಆಡೋ ಹಾಗೆ ಮಾಡಿ. ಮಧ್ಯಾಹ್ನದ ಬಿಸಿಲು ಬೀಳೋ ಬದಿಯ ಎಲೆ ಮಾತ್ರ ಬಿಡಿ, ಇಲ್ಲಾಂದ್ರೆ ಹಣ್ಣು ಸುಡುತ್ತೆ. ಕೊನೆಗೂ ಬೂದಿ ಬಂದರೆ ಪೊಟ್ಯಾಸಿಯಂ ಬೈಕಾರ್ಬನೇಟ್ ಇದೆ. ನಿಮ್ಮ ಸಾವಯವ ಪ್ರಮಾಣೀಕರಣದವರನ್ನು, ವೈನರಿಯವರನ್ನು ಕೇಳಿಯೇ ಹೊಡೆಯಿರಿ.

ಬೋರ್ಡೋ ಮಾಡುವಾಗ 100 ಲೀಟರ್‌ಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಹೊಳೆಯೋ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಸಿಂಪಡಿಸಿದ ತಾರೀಖನ್ನು ಆಗಲೇ ಮೊಬೈಲಿನಲ್ಲಿ ಬರೆದಿಡಿ. ವೈನರಿಯವರು ಕೇಳೋದು ಅದನ್ನೇ.