ಮೂರರಲ್ಲಿ ಸತ್ತಿರುವುದು ಯಾವುದು? ಹಳೆ ಕಾರಿನ ‘ಮಿಸ್ಸಿಂಗ್’ ಹಿಡಿಯುವ ಪಾಠ

ಲ್ಯಾಬ್‌ನಲ್ಲಿ ಮೋರ್ಸ್ ಟೆಸ್ಟ್ ಮಾಡ್ತೀವಿ, ರೆಕಾರ್ಡ್ ಬರೀತೀವಿ, ವೈವಾದಲ್ಲಿ ಫಾರ್ಮುಲಾ ಒಪ್ಪಿಸಿ ಮರೆತುಬಿಡ್ತೀವಿ. ಅದೇ ಟೆಸ್ಟನ್ನು ಊರಿನ ಗ್ಯಾರೇಜಿನ ಮೆಕ್ಯಾನಿಕ್ ಡೈನಮೋಮೀಟರ್ ಇಲ್ಲದೆ, ಬರೀ ಕಿವಿಯಿಂದ ಮಾಡುತ್ತಾರೆ. ಈ ಸಲ ಅದನ್ನೇ ಸರಿಯಾಗಿ ಕಲಿಯೋಣ. ಉದಾಹರಣೆಗೆ ನಮ್ಮ ರಸ್ತೆಗಳಲ್ಲಿ ಇನ್ನೂ ಓಡಾಡುತ್ತಿರುವ ಕಾರ್ಬ್ಯುರೇಟರ್ ಕಾಲದ ಮಾರುತಿ 800 ತೆಗೆದುಕೊಳ್ಳೋಣ: 796 ಸಿಸಿ, ಮೂರು ಸಿಲಿಂಡರ್, ಫೈರಿಂಗ್ ಆರ್ಡರ್ 1-3-2. ಓಮ್ನಿಯಲ್ಲಿರುವುದೂ ಇದೇ ಎಂಜಿನ್.

ಒಂದು ಸತ್ತರೆ ಏನಾಗುತ್ತೆ?

ನಾಲ್ಕು ಸ್ಟ್ರೋಕ್‌ಗೆ ಕ್ರ್ಯಾಂಕ್ 720 ಡಿಗ್ರಿ ತಿರುಗುತ್ತದೆ. ಮೂರು ಸಿಲಿಂಡರ್ ಇದ್ದರೆ ಪ್ರತಿ 240 ಡಿಗ್ರಿಗೆ ಒಂದು ಪವರ್ ಸ್ಟ್ರೋಕ್. ಒಂದು ಕೆಲಸ ನಿಲ್ಲಿಸಿತು ಅಂದ್ರೆ ಮಧ್ಯೆ 480 ಡಿಗ್ರಿಯ ಖಾಲಿ ಜಾಗ ಬೀಳುತ್ತದೆ. ಐಡ್ಲಿಂಗ್ 850 ಆರ್‌ಪಿಎಂ ಅಂದುಕೊಳ್ಳಿ. ಒಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುವುದರಿಂದ ಸೆಕೆಂಡಿಗೆ ಸುಮಾರು ಏಳು ಸಲ ಎಂಜಿನ್‌ಗೆ ಈ ಕೊರತೆ ತಟ್ಟುತ್ತದೆ. ಸ್ಟೀರಿಂಗ್, ಗೇರ್ ಲಿವರ್, ಬಾನೆಟ್ ಎಲ್ಲ ನಡುಗುವುದು ಅದಕ್ಕೇ.

ವೇಗ ಹೆಚ್ಚಿದಾಗ ಫ್ಲೈವ್ಹೀಲ್ ಈ ಏರಿಳಿತವನ್ನು ಮುಚ್ಚಿಹಾಕುತ್ತದೆ. ಆಗ ಕಾರಿನವರು “ಪಿಕಪ್ ಸ್ವಲ್ಪ ಕಮ್ಮಿ, ಆದ್ರೆ ಓಡುತ್ತಲ್ಲ” ಅಂತ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾದರೇ ಅಪಾಯ. ಉರಿಯದ ಸಿಲಿಂಡರ್‌ಗೆ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಅದು ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದು, ಕೆಳಗಿಳಿದು ಎಂಜಿನ್ ಆಯಿಲ್ ಜೊತೆ ಸೇರಿ ಅದನ್ನು ತೆಳುವಾಗಿಸುತ್ತದೆ. ಒಂದು ಪ್ಲಗ್ ಬದಲಿಸಿದ್ರೆ ಮುಗಿಯುತ್ತಿದ್ದ ಕೆಲಸ ಕೊನೆಗೆ ರಿಂಗು, ಬೋರಿನವರೆಗೂ ಹೋಗಬಹುದು.

ಹಂತ 1: ಸತ್ತದ್ದನ್ನು ಗುರುತಿಸಿ

ಮೋರ್ಸ್ ಟೆಸ್ಟ್‌ನಲ್ಲಿ ಒಂದು ಸಿಲಿಂಡರ್ ಕಟ್ ಮಾಡಿ, ಲೋಡ್ ಇಳಿಸಿ ವೇಗವನ್ನು ಮೊದಲಿನಷ್ಟಕ್ಕೆ ತರುತ್ತೇವೆ. ಬ್ರೇಕ್ ಪವರ್ ಎಷ್ಟು ಇಳಿಯಿತೋ ಅದೇ ಆ ಸಿಲಿಂಡರಿನ ಇಂಡಿಕೇಟೆಡ್ ಪವರ್. ಗ್ಯಾರೇಜಿನಲ್ಲಿ ಎಂಜಿನ್ನಿನ ಘರ್ಷಣೆಯೇ ಲೋಡು. ಹಾಗಾಗಿ ಪವರ್ ಬದಲು ವೇಗ ಎಷ್ಟು ಕುಸಿಯಿತು ಅಂತ ನೋಡಿದರೆ ಸಾಕು. ಕಟ್ ಮಾಡಿದಾಗ ಆರ್‌ಪಿಎಂ ಬಿದ್ದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ಬದಲಾಗದಿದ್ದರೆ ಅದೇ ಸತ್ತಿರುವುದು.

ಮಾಡುವ ಕ್ರಮ: ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಎಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ತೆಗೆಯಿರಿ. ಅದರ ತುದಿಗೆ ಬೇರೊಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್‌ನ ಲೋಹದ ಭಾಗವನ್ನು ಎಂಜಿನ್ನಿಗೆ ಅರ್ತ್ ಮಾಡಿ. ಆಮೇಲೆ ಸ್ಟಾರ್ಟ್ ಮಾಡಿ. ವೈರನ್ನು ಹಾಗೇ ಗಾಳಿಯಲ್ಲಿ ಬಿಡಬೇಡಿ: ಸಾವಿರಾರು ವೋಲ್ಟ್ ಹೋಗಲು ದಾರಿ ಸಿಗದೆ ಇಗ್ನಿಷನ್ ಕಾಯಿಲ್ ಅಥವಾ ಡಿಸ್ಟ್ರಿಬ್ಯೂಟರ್ ಕ್ಯಾಪ್‌ಗೆ ಹೊಡೆತ ಬೀಳುತ್ತದೆ. ಎಂಜಿನ್ ಓಡುವಾಗ ಬರಿಗೈಯಲ್ಲಿ ವೈರ್ ಮುಟ್ಟಲೇಬೇಡಿ.

ಇಲ್ಲೊಂದು ತೊಂದರೆ ಇದೆ. ಮೂರರಲ್ಲಿ ಒಂದು ಮೊದಲೇ ಸತ್ತಿದ್ದರೆ, ಇನ್ನೊಂದನ್ನು ಕಟ್ ಮಾಡಿದಾಗ ಉಳಿಯುವುದು ಒಂದೇ. ಎಂಜಿನ್ ನಿಂತೇ ಹೋಗಬಹುದು. ಅದಕ್ಕೆ ಮೊದಲೇ ಐಡ್ಲಿಂಗ್ ಸ್ಕ್ರೂ ತಿರುಗಿಸಿ ವೇಗವನ್ನು 1500ರ ಹತ್ತಿರ ಇಟ್ಟುಕೊಳ್ಳಿ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಾದರೆ ಈ ಪರೀಕ್ಷೆಯನ್ನು ಕೆಲವೇ ಸೆಕೆಂಡಿನಲ್ಲಿ ಮುಗಿಸಿ. ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೊತ್ತಿಕೊಂಡು ಅದನ್ನೇ ಹಾಳುಮಾಡುತ್ತದೆ.

ಹಂತ 2: ಕಿಡಿ ಇದೆಯಾ?

ಎರಡನೇ ಸಿಲಿಂಡರ್ ಸತ್ತಿದೆ ಅಂತ ಗೊತ್ತಾಯಿತು ಅಂದುಕೊಳ್ಳಿ. ತಕ್ಷಣ ಹೊಸ ಪ್ಲಗ್ ತರೋಕೆ ಓಡಬೇಡಿ. ಎರಡನೆಯ ಪ್ಲಗ್ ಒಂದಕ್ಕೆ, ಒಂದನೆಯದು ಎರಡಕ್ಕೆ ಹಾಕಿ. ಮಿಸ್ಸಿಂಗ್ ಒಂದಕ್ಕೆ ವರ್ಗವಾದರೆ ತಪ್ಪು ಪ್ಲಗ್‌ನದ್ದು. ಎರಡರಲ್ಲೇ ಉಳಿದರೆ ಪ್ಲಗ್ ನಿರಪರಾಧಿ. ಆಮೇಲೆ ವೈರ್, ಅದಾದ ಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್: ಒಳಗೆ ಕೂದಲೆಳೆಯಂಥ ಬಿರುಕು, ಕಪ್ಪು ಗೆರೆ, ತೇವ ಇದೆಯಾ ನೋಡಿ. ಮಳೆಗಾಲದ ಬೆಳಿಗ್ಗೆ ಮಾತ್ರ ಮಿಸ್ಸಿಂಗ್ ಬಂದು ಎಂಜಿನ್ ಬಿಸಿಯಾದ ಮೇಲೆ ಹೋಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಗಾಡಿ ಸರಿಹೋಗಬಹುದು, ಕಾರಣ ಮಾತ್ರ ಗೊತ್ತಾಗಲ್ಲ.

ತೆಗೆದ ಪ್ಲಗ್‌ನ ಮುಖವನ್ನೂ ಓದಿ. ಪೆಟ್ರೋಲ್‌ನಲ್ಲಿ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ. ಕಪ್ಪು ಎಣ್ಣೆ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ದಾಟಿ ಆಯಿಲ್ ಬರುತ್ತಿದೆ.

ಹಂತ 3: ಗಾಳಿ-ಪೆಟ್ರೋಲ್

ಇಲ್ಲಿ ಹೆಚ್ಚು ಹೊತ್ತು ಬೇಡ. ಮೂರೂ ಸಿಲಿಂಡರ್‌ಗೆ ಒಂದೇ ಕಾರ್ಬ್ಯುರೇಟರ್. ಅದು ಕೆಟ್ಟರೆ ಸಾಮಾನ್ಯವಾಗಿ ಮೂರೂ ನರಳಬೇಕು. ಒಂದೇ ಸಿಲಿಂಡರ್‌ಗೆ ತೊಂದರೆ ಅಂದ್ರೆ ಆ ಪೋರ್ಟ್ ಹತ್ತಿರ ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿದೆಯಾ ಎಂದು ಮಾತ್ರ ನೋಡಿ.

ಹಂತ 4: ಕಂಪ್ರೆಷನ್

ಎಂಜಿನ್ ಬಿಸಿ ಇರಲಿ. ಮೂರೂ ಪ್ಲಗ್ ತೆಗೆದು, ಇಗ್ನಿಷನ್ ಕಾಯಿಲ್ ಕನೆಕ್ಷನ್ ಬಿಡಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಗೇಜ್ ಹಾಕಿ ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಆಕ್ಸಿಲರೇಟರ್ ಒತ್ತದಿದ್ದರೆ ಒಳಗೆ ಗಾಳಿಯೇ ಸರಿಯಾಗಿ ಹೋಗದೆ ರೀಡಿಂಗ್ ಸುಳ್ಳಾಗುತ್ತದೆ.

ಮೂರು ರೀಡಿಂಗ್‌ಗಳನ್ನು ಹೋಲಿಸಿ. ಅತಿ ಕಡಿಮೆ ಇರುವುದು ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ರೋಗ ಒಳಗಿದೆ. ಉದಾಹರಣೆಗೆ 150, 50, 150 ಪಿಎಸ್‌ಐ ಬಂತು ಅಂದುಕೊಳ್ಳಿ. ಎರಡನೆಯದರ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ:

- 50 ಇದ್ದದ್ದು 110ಕ್ಕೆ ಏರಿದರೆ, ಆಯಿಲ್ ರಿಂಗಿನ ಸಂದಿ ಮುಚ್ಚಿದೆ. ಸವೆದಿರುವುದು ರಿಂಗ್ ಅಥವಾ ಬೋರ್.
- 55ರ ಆಸುಪಾಸಿನಲ್ಲೇ ಉಳಿದರೆ, ಸೋರಿಕೆ ಮೇಲಿದೆ. ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.
- ಅಕ್ಕಪಕ್ಕದ ಎರಡೂ ಒಟ್ಟಿಗೆ ಕಡಿಮೆ ಇದ್ದರೆ, ಅವುಗಳ ನಡುವೆ ಗ್ಯಾಸ್ಕೆಟ್ ಒಡೆದಿರುವ ಸಾಧ್ಯತೆ ಹೆಚ್ಚು.

ಕಂಪ್ರೆಸರ್ ಇದ್ದರೆ ಇನ್ನೂ ಸುಲಭ. ಆ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿಗೆ ತಂದು, ಕ್ರ್ಯಾಂಕ್ ತಿರುಗದಂತೆ ಹಿಡಿದು, ಪ್ಲಗ್ ತೂತಿನಿಂದ ಗಾಳಿ ಬಿಡಿ. ‘ಸುಯ್’ ಅನ್ನುವ ಸದ್ದು ಕಾರ್ಬ್ಯುರೇಟರ್‌ನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣ್ಣಗಾದ ಮೇಲೆಯೇ ತೆಗೆಯಿರಿ.

ಹೆಡ್ ಇಳಿಸುವ ಮುಂಚೆ: ಟ್ಯಾಪೆಟ್

ವಾಲ್ವ್ ಸೋರುತ್ತಿದೆ ಅಂತ ಗೊತ್ತಾದ ಕೂಡಲೇ ಹೆಡ್ ಬಿಚ್ಚಬೇಡಿ. ಈ ಎಂಜಿನ್‌ನಲ್ಲಿ ರಾಕರ್ ಆರ್ಮ್ ಮೇಲೆ ಅಡ್ಜಸ್ಟಿಂಗ್ ಸ್ಕ್ರೂ ಇದೆ. ಕವರ್ ತೆಗೆದು ಫೀಲರ್ ಗೇಜ್‌ನಿಂದ ಸಂದಿ ಅಳೆಯಿರಿ.

ವಾಲ್ವ್ ಸೀಟ್ ಸವೆದಂತೆ ವಾಲ್ವ್ ಮೇಲಕ್ಕೆ ಕೂರುತ್ತದೆ, ಟ್ಯಾಪೆಟ್ ಸಂದಿ ಕಮ್ಮಿಯಾಗುತ್ತದೆ. ಟ್ಯಾಪೆಟ್ ಸದ್ದೂ ಕಮ್ಮಿಯಾಗುತ್ತದೆ. “ಎಂಜಿನ್ ಎಷ್ಟು ಸ್ಮೂತ್” ಅಂತ ಖುಷಿಪಡುವ ಹೊತ್ತಿಗೆ ವಾಲ್ವ್ ಪೂರ್ತಿ ಮುಚ್ಚುವುದನ್ನೇ ನಿಲ್ಲಿಸಿರುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಬಿಟ್ಟುಕೊಡುವುದು ಸೀಟಿಗೆ ತಾಗಿದಾಗ. ತಾಗದಿದ್ದರೆ ಅಂಚು ಸುಡುತ್ತದೆ. ಎಲ್‌ಪಿಜಿ ಹಾಕಿಸಿದ ಹಳೆ ಗಾಡಿಗಳಲ್ಲಿ ಸೀಟ್ ಬೇಗ ಸವೆಯುವುದರಿಂದ ಈ ಕಾಯಿಲೆ ಹೆಚ್ಚು. ಅಂಚು ಸುಡುವ ಮೊದಲೇ ಸಿಕ್ಕಿಬಿದ್ದರೆ ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್‌ನಿಂದ ಸತ್ತ ಸಿಲಿಂಡರ್ ಬದುಕುತ್ತದೆ. ಸುಟ್ಟಿದ್ದರೆ ಮಾತ್ರ ಹೆಡ್ ಇಳಿಸಿ ವಾಲ್ವ್ ಬದಲಿಸಿ ಲ್ಯಾಪಿಂಗ್ ಮಾಡಲೇಬೇಕು.

ಕೊನೆಗೆ

ಹಳೆ ಮಾರುತಿ ಇಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ ಅದು ಹವ್ಯಾಸವಲ್ಲ, ಮನೆಯ ಒಂದೇ ಗಾಡಿ. “ಎಂಜಿನ್ ಇಳಿಸ್ಬೇಕು” ಅನ್ನುವ ಒಂದು ಮಾತು ಅವರ ಒಂದು ತಿಂಗಳ ದುಡಿಮೆಯನ್ನೇ ನುಂಗಬಹುದು. ಆ ಮಾತು ಹೇಳುವ ಮೊದಲು ಮೇಲಿನ ನಾಲ್ಕು ಹಂತ, ಒಂದು ಫೀಲರ್ ಗೇಜ್, ಅರ್ಧ ದಿನ ಸಾಕು. ಊರಿಗೆ ಹೋದಾಗ ಮಾವನ ಕಾರೋ ಪಕ್ಕದ ಮನೆಯವರ ಓಮ್ನಿಯೋ ನಡುಗುತ್ತಿದ್ದರೆ ಬಾನೆಟ್ ಎತ್ತಿ ನೋಡಿ. ಪ್ರತಿ ರೀಡಿಂಗನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಕೊನೆಗೆ ಹೆಡ್ ಇಳಿಸಲೇಬೇಕಾಗಿ ಬಂದರೂ ಏಕೆ ಎಂದು ಆ ಚೀಟಿ ತೋರಿಸಿ ಹೇಳಬಹುದು.