ಸಾಕಿದ ಮಗ ದೂರವಾದಾಗ

ಹೆತ್ತ ಮಗ ಮುನಿಸಿಕೊಂಡು ಮನೆ ಬಿಟ್ಟರೆ ನೆರೆಹೊರೆಯವರು ಬಂದು ಸಮಾಧಾನ ಹೇಳುತ್ತಾರೆ. ಸಾಕಿದ ಮಗ ಹೋದರೆ ಅದೇ ಜನ “ಎಷ್ಟಾದರೂ ಪರರ ಮಗು” ಎಂದು ಹೇಳಿ ಎದ್ದು ಹೋಗುತ್ತಾರೆ. ಆ ಒಂದು ಮಾತು ಸಾಕಿದ ತಾಯಿಯ ಎದೆಯನ್ನು ಎಷ್ಟು ಆಳವಾಗಿ ಇರಿಯುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಂತಹ ಒಂದು ಊರಿನ ಮನೆಯನ್ನು ಊಹಿಸಿಕೊಳ್ಳಿ. ಮಕ್ಕಳಿಲ್ಲದ ಅಕ್ಕನಿಗೆ ತಂಗಿ ತನ್ನ ಮೂರನೆಯ ಮಗುವನ್ನು ಒಪ್ಪಿಸುತ್ತಾಳೆ. ಕಾಗದವಿಲ್ಲ, ಪತ್ರವಿಲ್ಲ. ಖಾಲಾ ಅಮ್ಮೀ ಆಗುತ್ತಾಳೆ, ಹೆತ್ತವಳು ಖಾಲಾ ಆಗುತ್ತಾಳೆ. ಶಾಲೆಯ ದಾಖಲೆಯಲ್ಲಿ ಸಾಕಿದವನೇ ತಂದೆ. ಗೋವಿನಜೋಳ, ಹತ್ತಿ ಬೆಳೆದು ಬಂದ ಹಣದಲ್ಲಿ ಹುಡುಗನನ್ನು ಓದಿಸುತ್ತಾರೆ. ಎಲ್ಲರಿಗೂ ವಿಷಯ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ನಿಕಾಹ್‌ನ ದಿನ, ದಫ್ತರದಲ್ಲಿ ನಿಜವಾದ ತಂದೆಯ ಹೆಸರನ್ನೇ ಬರೆಯಬೇಕೆಂದು ಹಿರಿಯರೊಬ್ಬರು ಹೇಳುತ್ತಾರೆ. ಬೀಗರ ಮುಂದೆ, ತುಂಬಿದ ಸಭೆಯಲ್ಲಿ ಮಗನಿಗೆ ಸತ್ಯ ತಿಳಿಯುತ್ತದೆ. ಮದುವೆಯಾದ ವಾರದಲ್ಲೇ ಅವನು ಹುಬ್ಬಳ್ಳಿ ಸೇರುತ್ತಾನೆ. ಈದ್‌ಗೆ ಬರುವುದಿಲ್ಲ, ಫೋನ್ ಎತ್ತುವುದಿಲ್ಲ. ತಾಯಿ ಮಾತ್ರ ಪ್ರತಿ ಈದ್‌ಗೂ ಅವನ ಪಾಲಿನ ಶೀರ್ ಖುರ್ಮಾ ತೆಗೆದಿಡುತ್ತಾಳೆ.

ಹೆಸರುಗಳು ಬೇರೆಯಾಗಬಹುದು. ಆದರೆ ಇಂತಹ ನೋವು ನಮ್ಮ ಸಮಾಜದಲ್ಲಿ ಅಪರೂಪವಲ್ಲ. ಈ ಬಗ್ಗೆ ಇಸ್ಲಾಮಿನ ಮಾರ್ಗದರ್ಶನವೇನು ಎಂದು ನೋಡೋಣ.

ಲೋಪ ಎಲ್ಲಿದೆ?

ಅನಾಥರನ್ನು, ಆಸರೆಯಿಲ್ಲದ ಮಕ್ಕಳನ್ನು ಸಾಕುವುದು ಮಹಾ ಪುಣ್ಯದ ಕೆಲಸ. ಅನಾಥನ ಪೋಷಕನು ಸ್ವರ್ಗದಲ್ಲಿ ತಮಗೆ ಎಷ್ಟು ಸಮೀಪವಿರುವನೆಂದು ಪ್ರವಾದಿವರ್ಯರು(ಸ) ಎರಡು ಬೆರಳುಗಳನ್ನು ತೋರಿಸಿ ತಿಳಿಸಿದ್ದಾರೆ. ಆದರೆ ಸಾಕುವುದು ಬೇರೆ, ವಂಶವನ್ನು ಬದಲಿಸುವುದು ಬೇರೆ. ದತ್ತು ಮಕ್ಕಳನ್ನು ಅವರ ನಿಜವಾದ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಸೂರಃ ಅಲ್ ಅಹ್‌ಝಾಬ್‌ನ 4 ಮತ್ತು 5ನೆಯ ಸೂಕ್ತಗಳು ಆಜ್ಞಾಪಿಸುತ್ತವೆ. ತಂದೆ ಯಾರೆಂದು ತಿಳಿಯದಿದ್ದರೆ ಅವರು ನಮ್ಮ ಧಾರ್ಮಿಕ ಸಹೋದರರು. ಅರಿಯದೆ ಆದ ತಪ್ಪಿಗೆ ದೋಷವಿಲ್ಲ, ಹೃದಯದ ಸಂಕಲ್ಪಕ್ಕೆ ವಿಚಾರಣೆ ಇದೆ ಎಂದೂ ಅಲ್ಲಿಯೇ ಹೇಳಲಾಗಿದೆ.

ಸಾಮಾನ್ಯವಾಗಿ ಜನರು ಇದನ್ನು ಆಸ್ತಿಯ ಕಾನೂನೆಂದು ಮಾತ್ರ ತಿಳಿಯುತ್ತಾರೆ. ನಿಜವಾಗಿ ಇದು ಮಗುವಿನ ಹಕ್ಕು. ತಾನು ಯಾರೆಂದು ತಿಳಿಯುವ ಹಕ್ಕನ್ನು ಪ್ರೀತಿಯ ಹೆಸರಿನಲ್ಲಿಯೂ ಕಸಿಯಬಾರದು. ನಮ್ಮ ಹುಡುಗ ಕೋಪಗೊಂಡದ್ದು ತನ್ನನ್ನು ಸಾಕಿದರೆಂದಲ್ಲ. ಊರಿಗೆಲ್ಲ ತಿಳಿದಿದ್ದ ಸತ್ಯ ತನ್ನೊಬ್ಬನಿಂದ ಮುಚ್ಚಿಡಲ್ಪಟ್ಟಿತೆಂದು.

ಹೆಸರು ಬದಲಾಯಿತು, ಪ್ರೀತಿ ಬದಲಾಗಲಿಲ್ಲ

ಹ. ಝೈದ್ ಬಿನ್ ಹಾರಿಸರ(ರ) ಜೀವನ ಇಲ್ಲಿ ನಮಗೆ ದೊಡ್ಡ ಪಾಠ. ಅವರು ಕಲ್ಬ್ ಗೋತ್ರದವರು. ಬಾಲ್ಯದಲ್ಲಿ ದಾಳಿಕಾರರ ಕೈಗೆ ಸಿಕ್ಕಿ ಗುಲಾಮರಾಗಿ ಮಾರಲ್ಪಟ್ಟರು. ಕೊನೆಗೆ ಹ. ಖದೀಜರ(ರ) ಮೂಲಕ ಪ್ರವಾದಿವರ್ಯರ(ಸ) ಮನೆ ಸೇರಿದರು. ಮಗನನ್ನು ಹುಡುಕುತ್ತಾ ತಂದೆ ಹಾರಿಸ ಮಕ್ಕಾಕ್ಕೆ ಬಂದಾಗ ಪ್ರವಾದಿವರ್ಯರು(ಸ) ಅವರನ್ನು ಹಿಂದೆ ಕಳುಹಿಸಲಿಲ್ಲ, ಮಗನನ್ನು ಬಚ್ಚಿಡಲೂ ಇಲ್ಲ. ಆಯ್ಕೆಯನ್ನು ಝೈದ್‌ರಿಗೇ(ರ) ಬಿಟ್ಟರು. ಹೆತ್ತ ತಂದೆಯ ಎದುರಲ್ಲೇ, ಯಾವ ಒತ್ತಾಯವೂ ಇಲ್ಲದೆ ಝೈದ್(ರ) ಸಾಕಿದವರ ಬಳಿಯೇ ನಿಂತರು. ಆಗ ಪ್ರವಾದಿವರ್ಯರು(ಸ) ಅವರನ್ನು ಮಗನೆಂದು ಸಾರಿದರು. ಜನ ಅವರನ್ನು ಝೈದ್ ಬಿನ್ ಮುಹಮ್ಮದ್ ಎಂದೇ ಕರೆಯತೊಡಗಿದರು.

ಮದೀನಾದಲ್ಲಿ ಮೇಲಿನ ಸೂಕ್ತ ಅವತೀರ್ಣವಾದಾಗ ಆ ಹೆಸರು ಹೋಯಿತು. ಝೈದ್(ರ) ಮತ್ತೆ ಹಾರಿಸರ ಮಗನಾದರು. ಆದರೆ ಅವರ ಸ್ಥಾನ ಕುಗ್ಗಿತೇ? ಹಿಜರಿ 8ರಲ್ಲಿ ಮುಅ್‌ತಾಕ್ಕೆ ಹೊರಟ ಸೈನ್ಯಕ್ಕೆ ಅವರೇ ಮೊದಲ ಸೇನಾನಿ. ಅಲ್ಲಿ ಅವರು ಹುತಾತ್ಮರಾದ ವಾರ್ತೆಯನ್ನು ತಿಳಿಸುವಾಗ ಪ್ರವಾದಿವರ್ಯರ(ಸ) ಕಣ್ಣುಗಳು ಹನಿಗೂಡಿದವು. ಹಿಜರಿ 11ರಲ್ಲಿ ಝೈದ್‌ರ ಮಗ, ಇನ್ನೂ ತರುಣರಾಗಿದ್ದ ಉಸಾಮರನ್ನು(ರ) ಸೇನಾನಿಯಾಗಿ ನೇಮಿಸಲಾಯಿತು. ಕುರ್‌ಆನಿನಲ್ಲಿ ಹೆಸರು ಬಂದಿರುವ ಏಕೈಕ ಸಹಾಬಿಯೂ ಹ. ಝೈದರೇ(ರ). ಸತ್ಯವನ್ನು ಒಪ್ಪಿಕೊಂಡರೆ ಮಗ ಕೈತಪ್ಪಿ ಹೋಗುವನೆಂದು ಹೆದರುವವರು ಈ ಚರಿತ್ರೆಯನ್ನು ನೆನೆಯಲಿ.

ದುಃಖಿಸುವುದು ತಪ್ಪಲ್ಲ

“ವಿಶ್ವಾಸಿಯಾಗಿದ್ದೂ ಅಳುತ್ತೀರಾ?” ಎಂದು ಕೆಲವರು ಕೇಳುತ್ತಾರೆ. ಮಗನ ಅಗಲಿಕೆಯಿಂದ ಹ. ಯಅ್‌ಕೂಬರ(ಅ) ಕಣ್ಣುಗಳು ಬೆಳ್ಳಗಾದುವೆಂದು ಸೂರಃ ಯೂಸುಫ್ ತಿಳಿಸುತ್ತದೆ. ಅವರು ಪ್ರವಾದಿಯಾಗಿದ್ದರು. ಆದರೆ ಮೂರು ವಿಷಯಗಳನ್ನು ಗಮನಿಸಿ. ಅವರು ತಮ್ಮ ಅಳಲನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಅವನ ಕರುಣೆಯ ಬಗ್ಗೆ ನಿರಾಶರಾಗಲಿಲ್ಲ. ಹುಡುಕುವ ಪ್ರಯತ್ನವನ್ನೂ ಕೈಬಿಡಲಿಲ್ಲ. ಸಹನೆ ಎಂದರೆ ಕೈಕಟ್ಟಿ ಕೂರುವುದಲ್ಲ.

ಹೆತ್ತವರು, ಸಾಕಿದವರು ಏನು ಮಾಡಬೇಕು?

1. ತಪ್ಪನ್ನು ಒಪ್ಪಿಕೊಳ್ಳಿ. “ನಿನ್ನ ಒಳಿತಿಗಾಗಿ ಮುಚ್ಚಿಟ್ಟೆವು” ಎಂದು ವಾದಿಸಬೇಡಿ. “ನಾವೇ ಹೇಳಬೇಕಿತ್ತು ಬೇಟಾ, ಹೆದರಿದೆವು, ಮಾಫ್ ಮಾಡು” ಎಂಬ ಒಂದು ಮಾತು ನೂರು ಸಮರ್ಥನೆಗಳಿಗಿಂತ ಮೇಲು.

2. ಸಾಕಿದ ಲೆಕ್ಕ ತೆಗೆಯಬೇಡಿ. ಉಪಕಾರವನ್ನು ಎತ್ತಿ ಆಡಿದರೆ ದಾನವೇ ವ್ಯರ್ಥವಾಗುತ್ತದೆಂದು ಸೂರಃ ಅಲ್ ಬಕರಃ (2:264) ಎಚ್ಚರಿಸುತ್ತದೆ. ಅಲ್ಲಾಹನ ಸಂಪ್ರೀತಿಗಾಗಿ ಉಣಿಸಿದ ಅನ್ನಕ್ಕೆ ಮಗನಿಂದ ರಶೀದಿ ಕೇಳಬಾರದು.

3. ಹೆತ್ತವರ ಬಳಿ ಹೋಗುವುದನ್ನು ತಡೆಯಬೇಡಿ. ಅದು ಅವನ ರಕ್ತಸಂಬಂಧ. ಅದನ್ನು ಕಡಿಯುವುದಕ್ಕೆ ನಮಗೆ ಅಧಿಕಾರವಿಲ್ಲ. ಹೆತ್ತವರೂ “ಈಗ ಇವನು ನಮ್ಮವನು” ಎಂದು ಸಾಕಿದವರ ಮನ ನೋಯಿಸಬಾರದು.

4. ಸಲಾಮ್ ನಿಲ್ಲಿಸಬೇಡಿ. ಮುಸ್ಲಿಮನು ತನ್ನ ಸಹೋದರನೊಂದಿಗೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದು, ಮೊದಲು ಸಲಾಮ್ ಹೇಳುವವನೇ ಉತ್ತಮನು ಎಂದು ಹದೀಸ್ ಕಲಿಸುತ್ತದೆ. ಉತ್ತರ ಬರದಿದ್ದರೂ ಈದ್‌ಗೆ ಎರಡು ಸಾಲು ಬರೆಯಿರಿ. ಆದರೆ ದಿನಕ್ಕೆ ಹತ್ತು ಬಾರಿ ಫೋನ್ ಮಾಡಿ, ಮಧ್ಯಸ್ಥರನ್ನು ಕಳುಹಿಸಿ ಅವನನ್ನು ಕಾಡಬೇಡಿ. ಗಾಯ ಮಾಯಲು ಸಮಯ ಬೇಕು. ಊರವರ ಮುಂದೆ ಅವನ ದೂರು ಹೇಳಿದರೆ ಅವನು ಮರಳುವ ದಾರಿಗೆ ನಾವೇ ಮುಳ್ಳು ಹಾಕಿದಂತೆ.

5. ಹಕ್ಕನ್ನು ಬರೆದಿಡಿ. ಸಾಕು ಮಗನಿಗೆ ಶರೀಅತ್‌ನಂತೆ ವಾರಸುದಾರಿಕೆ ಇಲ್ಲ. ಇದನ್ನು ತಿಳಿಯದ ಎಷ್ಟೋ ಮಕ್ಕಳು, ಸಾಕಿದವರ ಮರಣದ ನಂತರ ಅಣ್ಣತಮ್ಮಂದಿರ ಮಕ್ಕಳು ಹೊಲ ಹಂಚಿಕೊಂಡಾಗ ತಮಗೆ ಮೋಸವಾಯಿತೆಂದು ಭಾವಿಸುತ್ತಾರೆ. ಆದರೆ ಬಾಗಿಲು ಮುಚ್ಚಿಲ್ಲ. ವಾರಸುದಾರರಲ್ಲದವರಿಗೆ ಆಸ್ತಿಯ ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಮಾಡಬಹುದು. ಬದುಕಿರುವಾಗಲೇ ಹಿಬಾ ಮಾಡಿ ಸ್ವಾಧೀನಕ್ಕೆ ಒಪ್ಪಿಸಬಹುದು. ಮಗ ಮಾತು ಬಿಟ್ಟಿದ್ದಾನೆಂದು ಇದನ್ನು ತಡೆಯಬೇಡಿ. ಅವನನ್ನು ಕರೆಸಿಕೊಳ್ಳುವ ಆಮಿಷವಾಗಿಯೂ ಬಳಸಬೇಡಿ.

ಮಗನಿಗೆ ಒಂದು ಮಾತು

ತಮ್ಮಾ, ನಿನ್ನ ನೋವು ನಿಜ. ನಿನ್ನಿಂದ ಸತ್ಯವನ್ನು ಮರೆಮಾಚಿದ್ದು ತಪ್ಪು. ಆದರೆ ಜ್ವರ ಬಂದ ರಾತ್ರಿಗಳಲ್ಲಿ ನಿನ್ನ ಹಣೆಯ ಮೇಲಿದ್ದ ಕೈ ಸುಳ್ಳಲ್ಲ. ಹ. ಮೂಸಾ(ಅ) ಮತ್ತು ಹ. ಯೂಸುಫ್(ಅ) ಇಬ್ಬರೂ ಪರರ ಮನೆಯಲ್ಲಿ ಬೆಳೆದವರು. ತನ್ನನ್ನು ಬಾವಿಗೆ ತಳ್ಳಿದ ಅಣ್ಣಂದಿರನ್ನೇ ಹ. ಯೂಸುಫ್(ಅ) ದೂಷಿಸದೆ ಕ್ಷಮಿಸಿದರು. ನಿನ್ನನ್ನು ಎತ್ತಿ ಆಡಿಸಿದವರನ್ನು ಕ್ಷಮಿಸಲು ನಿನಗಾಗದೇ? ಹೆತ್ತ ತಂದೆಯ ಹೆಸರನ್ನು ಧರಿಸು, ಸಾಕಿದವರ ಸೇವೆಯನ್ನು ಬಿಡಬೇಡ. ಇವೆರಡೂ ಒಟ್ಟಿಗೆ ಸಾಗಬಲ್ಲವು.

ಮಗು ಇನ್ನೂ ಚಿಕ್ಕದಿರುವ ಮನೆಗಳಿಗೆ

ಇಂದು ಮಗುವನ್ನು ಸಾಕುತ್ತಿರುವವರು ನಿಕಾಹ್‌ನ ದಿನದವರೆಗೆ ಕಾಯಬಾರದು. ಕಥೆ ಕೇಳುವ ವಯಸ್ಸಿನಲ್ಲೇ ಹ. ಝೈದರ(ರ) ಕಥೆಯೊಂದಿಗೆ ಅವನ ಕಥೆಯನ್ನೂ ಹೇಳಿ. ಶೈಶವದಲ್ಲಿ ಎದೆಹಾಲು ಉಣಿಸಿದ್ದರೆ ಹಾಲಿನ ಸಂಬಂಧ ಏರ್ಪಡುತ್ತದೆ. ಅದರ ವಿವರವನ್ನು ಆಲಿಮರಿಂದ ಮೊದಲೇ ತಿಳಿದುಕೊಳ್ಳಿ. ಕಾನೂನಿನ ದೃಷ್ಟಿಯಿಂದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯಡಿ ನ್ಯಾಯಾಲಯದಿಂದ ಪಾಲಕತ್ವ ಪಡೆಯಲು ಅವಕಾಶವಿದೆ. ಬಾಲನ್ಯಾಯ ಕಾಯಿದೆಯ ಮೂಲಕ ಯಾವ ಧರ್ಮದವರೂ ದತ್ತು ಪಡೆಯಬಹುದು, ಆದರೆ ಯಾರಿಗೂ ಅದು ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಯಾವ ದಾರಿ ಹಿಡಿದರೂ ಮಗುವಿನ ವಂಶವನ್ನು ಅದರಿಂದ ಮರೆಮಾಚಬೇಡಿ.

ಸಂಬಂಧ ಜೋಡಿಸುವವನೆಂದರೆ ಸರಿಗೆ ಸರಿ ಕೊಡುವವನಲ್ಲ, ಕಡಿದವರೊಂದಿಗೂ ಜೋಡಿಸುವವನು ಎಂಬುದು ಪ್ರವಾದಿವರ್ಯರ(ಸ) ಬೋಧನೆ. ತೆಗೆದಿಟ್ಟ ಶೀರ್ ಖುರ್ಮಾ ಈ ಸಲವೂ ತಣ್ಣಗಾಗಬಹುದು. ಆದರೂ ತೆಗೆದಿಡಿ, ತಹಜ್ಜುದ್‌ನಲ್ಲಿ ಅವನ ಹೆಸರು ಹಿಡಿದು ದುಆ ಮಾಡಿ. ಯಅ್‌ಕೂಬರ(ಅ) ಮನೆಯನ್ನು ಮತ್ತೆ ಒಂದುಗೂಡಿಸಿದ ಅಲ್ಲಾಹನು ನಮ್ಮ ಮುರಿದ ಮನೆಗಳನ್ನೂ ಒಂದುಗೂಡಿಸಲಿ. ಆಮೀನ್.