ಬೇಸಿಗೆಯ ದಾಹಕ್ಕೆ ಮಳೆಗಾಲದ ಲಿಂಬೆ

ಅಥಣಿ ತಾಲ್ಲೂಕಿನ ಅನಂತಪುರ, ತೆಲಸಂಗ ಭಾಗದ ಬಿಸಿಲು ನಿಮಗೆ ಹೊಸದಲ್ಲ. ಹೊಲದಿಂದ ದಣಿದು ಬಂದವರಿಗೆ ಒಂದು ಲೋಟ ಲಿಂಬೆ ಶರಬತ್ತು ಹಿತಕರ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಹಣ್ಣು ವಿರಳ, ಬೆಲೆ ದುಬಾರಿ. ಮಳೆಗಾಲದಲ್ಲಿಯಾದರೋ ಗಿಡದ ತುಂಬ ಹಣ್ಣು. ಕೊಯ್ಲಿನ ಕೂಲಿಯೂ ಗಿಟ್ಟದ ದಿನಗಳುಂಟು. ಆಗಿನ ಅಗ್ಗದ ಹಣ್ಣಿನಿಂದ ಸ್ಕ್ವಾಷ್ ತಯಾರಿಸಿಟ್ಟರೆ ಬೇಸಿಗೆಯಲ್ಲಿ ನೀರು ಬೆರೆಸಿದ ಕೂಡಲೇ ಶರಬತ್ತು ಸಿದ್ಧ.

ಹಣ್ಣಿನ ಆಯ್ಕೆ

ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ಭಾಗದಲ್ಲಿ ಹೆಚ್ಚಾಗಿ ಬೆಳೆಯುವ ಕಾಗ್ಜಿ ಲಿಂಬೆ ಇದಕ್ಕೆ ಉತ್ತಮ. ತೆಳು ಸಿಪ್ಪೆಯ, ಹಳದಿಗೆ ತಿರುಗಿದ ಹಣ್ಣುಗಳನ್ನು ಆರಿಸಿರಿ. ಕೊಳೆತ ಹಣ್ಣು ಒಂದೂ ಸೇರಬಾರದು.

ಬೇಕಾಗುವ ಸಾಮಗ್ರಿ

ಲಿಂಬೆ ರಸ 1 ಲೀಟರ್ (ಸುಮಾರು 3 ಕಿಲೋ ಹಣ್ಣಿನಿಂದ), ಸಕ್ಕರೆ 1¾ ಕಿಲೋ, ನೀರು 1 ಲೀಟರ್, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ 2 ಗ್ರಾಂ. ಇದರಿಂದ ಸುಮಾರು 3 ಲೀಟರ್ ಸ್ಕ್ವಾಷ್ ದೊರೆಯುತ್ತದೆ.

ತಯಾರಿಸುವ ವಿಧಾನ

1. ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಲು ಬಿಡಿರಿ. ಬಿಸಿ ಪಾಕಕ್ಕೆ ರಸ ಬೆರೆಸಿದರೆ ಪರಿಮಳವೂ ‘ಸಿ’ ಜೀವಸತ್ವವೂ ನಷ್ಟವಾಗುತ್ತವೆ.

2. ಹಣ್ಣನ್ನು ತೊಳೆದು ಒರೆಸಿ, ಅಡ್ಡಲಾಗಿ ಕತ್ತರಿಸಿ ಹಿಂಡಿರಿ. ಸಿಪ್ಪೆ ನುಜ್ಜಾಗುವಂತೆ ಹಿಂಡಬೇಡಿರಿ. ಬೀಜ ಮತ್ತು ಬಿಳಿ ಪೊರೆಯ ಅಂಶ ರಸಕ್ಕಿಳಿದರೆ ಕಹಿಯಾಗುತ್ತದೆ. ಆದ್ದರಿಂದ ರಸವನ್ನು ಕೂಡಲೇ ಸೋಸಿರಿ.

3. ಸ್ಟೀಲ್ ಪಾತ್ರೆಯನ್ನೇ ಬಳಸಿರಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳು ಹುಳಿಗೆ ಕರಗಿ ರಸ ಕೆಡುತ್ತದೆ.

4. ಆರಿದ ಪಾಕಕ್ಕೆ ರಸ ಸೇರಿಸಿರಿ. ಮೆಟಾಬೈಸಲ್ಫೈಟನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಕೊನೆಗೆ ಬೆರೆಸಿರಿ. ಇದನ್ನು ಸಣ್ಣ ತಕ್ಕಡಿಯಲ್ಲಿ ತೂಗಿಯೇ ಹಾಕಿರಿ, ಕಣ್ಣಂದಾಜು ಬೇಡ. ಕಡಿಮೆಯಾದರೆ ಸ್ಕ್ವಾಷ್ ಹುದುಗುತ್ತದೆ, ಹೆಚ್ಚಾದರೆ ಗಂಧಕದ ವಾಸನೆ ಬರುವುದಲ್ಲದೆ ಆರೋಗ್ಯಕ್ಕೂ ಹಿತವಲ್ಲ.

5. ಕುದಿವ ನೀರಿನಲ್ಲಿ ಶುದ್ಧಿ ಮಾಡಿ ಒಣಗಿಸಿದ ಗಾಜಿನ ಬಾಟಲಿಗಳಲ್ಲಿ, ಬಾಯಿಯ ಬಳಿ ಒಂದು ಅಂಗುಲ ಬಿಟ್ಟು ತುಂಬಿರಿ. ಬಿಗಿಯಾಗಿ ಮುಚ್ಚಿ, ತಯಾರಿಸಿದ ತಾರೀಖು ಬರೆದು, ಬೆಳಕು ಬೀಳದ ತಂಪು ಜಾಗದಲ್ಲಿಡಿರಿ. ಬುರುಗು ಅಥವಾ ಬೂಷ್ಟು ಕಂಡ ಬಾಟಲಿಯನ್ನು ಚೆಲ್ಲಿಬಿಡಿರಿ.

ಕುಡಿಯುವಾಗ

ಒಂದು ಪಾಲು ಸ್ಕ್ವಾಷಿಗೆ ಮೂರು ಪಾಲು ಮಡಕೆಯ ತಣ್ಣೀರು, ಚಿಟಿಕೆ ಉಪ್ಪು ಮತ್ತು ಹುರಿದ ಜೀರಿಗೆಪುಡಿ ಬೆರೆಸಿರಿ. ಉಬ್ಬಸದ ತೊಂದರೆಯುಳ್ಳವರಿಗೆ ಮೆಟಾಬೈಸಲ್ಫೈಟ್ ಒಗ್ಗದಿರಬಹುದು. ಅವರಿಗೆ ಆಗಿಂದಾಗ ಹಿಂಡಿದ ರಸದ ಶರಬತ್ತನ್ನೇ ಕೊಡಿರಿ: ಲೀಟರ್ ನೀರಿಗೆ ಮೂರು ಹಣ್ಣು, 100 ಗ್ರಾಂ ಸಕ್ಕರೆ ಸಾಕು.

ಮಾರಾಟಕ್ಕೆ

ಮಾರುವ ಸ್ಕ್ವಾಷಿನಲ್ಲಿ ಶೇ. 25ಕ್ಕೆ ಕಡಿಮೆಯಿಲ್ಲದಂತೆ ರಸವಿರಬೇಕು. ಮೇಲಿನ ಅಳತೆ ಇದಕ್ಕೆ ಸರಿಹೊಂದುತ್ತದೆ. 2006ರ ಆಹಾರ ಸುರಕ್ಷತೆ ಕಾಯಿದೆಯಂತೆ ನೋಂದಣಿಯನ್ನೂ ಮಾಡಿಸಬೇಕು. ಮೊದಲ ವರ್ಷ ಮನೆಯ ಬಳಕೆಗೆ ಹತ್ತು ಬಾಟಲಿ ಮಾಡಿ ನೋಡಿರಿ. ಅವು ಬೇಸಿಗೆಯವರೆಗೆ ಕೆಡದೆ ಉಳಿದರೆ ಮಾತ್ರ ಮಾರಾಟದ ಯೋಚನೆ ಮಾಡಿರಿ.